ಪತ್ತಿನ ಮೊದಲ ಪುಟ

'ಪತ್ತಿನ ಸಹಕಾರ ಸಂಘ' ಎಂಬ ಫಲಕವನ್ನು ನೋಡದವರು ನಮ್ಮ ನಾಡಿನಲ್ಲಿ ವಿರಳ. ಆ ಫಲಕದಲ್ಲಿರುವ 'ಪತ್ತು' ಎಂಬ ಮಾತಿಗೆ ಅರ್ಥವೇನೆಂದು ಕೇಳಿದರೆ ಮಾತ್ರ ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿಗಳೂ ಕ್ಷಣಕಾಲ ತಡವರಿಸುತ್ತಿದ್ದರು. ಹಳಗನ್ನಡವನ್ನು ಚೆನ್ನಾಗಿ ಓದಿಕೊಂಡವರು 'ಪತ್ತು ಎಂದರೆ ಹತ್ತು' ಎಂದು ಬೇಗನೆ ಉತ್ತರ ಕೊಡುತ್ತಿದ್ದರು. ಅದು ಸಂಖ್ಯೆಯ ಪತ್ತು, ಇದು ಬೇರೆ. ಸಂಘದ ಫಲಕದ ಮೇಲಿರುವ ಪತ್ತು ಮರಾಠಿಯ 'ಪತ' ಎಂಬ ಶಬ್ದದ ಬಂಧು. ಅದರ ಅರ್ಥ ಹಣವಲ್ಲ, ಸಾಲವೂ ಅಲ್ಲ. ಒಬ್ಬನ ಮಾತಿಗೆ ಪೇಟೆಯಲ್ಲಿರುವ ಬೆಲೆ, ಅವನ ಮೇಲೆ ಇತರರಿಗಿರುವ ನಂಬಿಕೆ. ಇಂಗ್ಲಿಷಿನ 'ಕ್ರೆಡಿಟ್' ಎಂಬ ಪದವೂ 'ನಂಬು' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದಲೇ ಹುಟ್ಟಿದ್ದು. 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಅವರ ಬಳಿ ಇದ್ದ ದೊಡ್ಡ ಬಂಡವಾಳವೆಂದರೆ ಊರಿನವರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು ಎಂಬುದೇ.

ಈ ಪತ್ತಿನ ಹೊಸ ರೂಪವಾದ ಕ್ರೆಡಿಟ್ ಕಾರ್ಡನ್ನು ಕುರಿತು, ಅದರಲ್ಲಿಯೂ ಇದುವರೆಗೆ ಯಾವ ಬ್ಯಾಂಕಿನ ಸಾಲದ ಲೆಕ್ಕದಲ್ಲಿಯೂ ಹೆಸರಿಲ್ಲದವರು ತಮ್ಮ ಮೊದಲ ಕಾರ್ಡನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತು, ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಿವೃತ್ತಿಯ ಅನಂತರ ನನ್ನ ಬಳಿಗೆ ಬರುವ ಹಳೆಯ ವಿದ್ಯಾರ್ಥಿಗಳು ಈಗ ಪಂಪನನ್ನು ಕುರಿತು ಕೇಳುವುದಕ್ಕಿಂತ ಬ್ಯಾಂಕಿನ ಕಾಗದಗಳನ್ನು ಓದಿ ಅರ್ಥ ಹೇಳಿರೆಂದು ಕೇಳುವುದೇ ಹೆಚ್ಚು. ಕಠಿಣವಾದ ಪಠ್ಯವನ್ನು ಬಿಡಿಸಿ ಅರ್ಥ ಹೇಳುವುದು ನನ್ನ ವೃತ್ತಿಯೇ ಆಗಿತ್ತು. ಬ್ಯಾಂಕಿನ ಷರತ್ತುಗಳ ಪತ್ರಕ್ಕಿಂತ ಕಠಿಣವಾದ ಪಠ್ಯಗಳು ಹೆಚ್ಚಿಲ್ಲ.

ಮೊದಲು ವಸ್ತುವಿನ ಪರಿಚಯ. 'ಕ್ರೆಡಿಟ್ ಕಾರ್ಡ್' ಎಂಬ ಮಾತು ಬ್ಯಾಂಕಿಗಿಂತ ಮುಂಚೆ ಸಾಹಿತ್ಯದಲ್ಲಿ ಕಾಣಿಸಿಕೊಂಡಿತೆಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ. ಅಮೆರಿಕದ ಎಡ್ವರ್ಡ್ ಬೆಲ್ಲಮಿ 1888ರಲ್ಲಿ ಪ್ರಕಟಿಸಿದ 'ಲುಕಿಂಗ್ ಬ್ಯಾಕ್‌ವರ್ಡ್' ಎಂಬ ಕಾದಂಬರಿಯ ಮುಂದಿನ ಕಾಲದ ಜನ ನಾಣ್ಯಗಳಿಗೆ ಬದಲಾಗಿ ಇಂಥದೊಂದು ಕಾರ್ಡನ್ನು ಬಳಸುತ್ತಾರೆ. ನಿಜಜೀವನದಲ್ಲಿ 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ಬಿನ ಕಾರ್ಡು ಹುಟ್ಟಿತು. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಕಾರ್ಡನ್ನು ಹೊರತಂದಿತು. ನಮ್ಮೆಲ್ಲರ ಜೇಬಿನಲ್ಲಿರುವ ಎ.ಟಿ.ಎಂ. ಕಾರ್ಡು, ಎಂದರೆ ಡೆಬಿಟ್ ಕಾರ್ಡು, ನಮ್ಮ ಖಾತೆಯಲ್ಲಿರುವ ನಮ್ಮದೇ ಹಣವನ್ನು ಕೊಡುತ್ತದೆ. ಕ್ರೆಡಿಟ್ ಕಾರ್ಡು ಕೊಡುವುದು ಬ್ಯಾಂಕಿನ ಹಣವನ್ನು. ರೂಪದಲ್ಲಿ ಎರಡೂ ಅವಳಿಜವಳಿ. ಗುಣದಲ್ಲಿ ಒಂದು ಉಳಿತಾಯ, ಇನ್ನೊಂದು ಸಾಲ. ಈ ಭೇದವನ್ನು ಮರೆಯದವನು ಅರ್ಧ ಪಾಠವನ್ನು ಕಲಿತಂತೆಯೇ.

ನಾನು ಚಿಕ್ಕವನಾಗಿದ್ದಾಗ ದಿನಸಿ ಅಂಗಡಿಗಳ ಗೋಡೆಯ ಮೇಲೆ 'ಇಂದು ನಗದು, ನಾಳೆ ಉದ್ರಿ' ಎಂದು ಬರೆದಿರುತ್ತಿತ್ತು. ಆ ಬರಹದ ಕೆಳಗೇ ಕುಳಿತು ಶೆಟ್ಟರು ಉದ್ರಿಯ ಪುಸ್ತಕವನ್ನು ಬಿಡಿಸುತ್ತಿದ್ದರು. ಗೋಡೆಯ ಬರಹ ಅಪರಿಚಿತರಿಗೆ, ಪುಸ್ತಕ ಪರಿಚಿತರಿಗೆ. ಯಾರ ಮನೆಗೆ ಯಾವ ತಾರೀಖಿಗೆ ಸಂಬಳ ಬರುತ್ತದೆ, ಯಾರು ಹೇಳಿದ ದಿನಕ್ಕೆ ಹಣ ತಂದುಕೊಡುತ್ತಾರೆ, ಯಾರು ಬೀದಿಯ ಆಚೆಬದಿಯಲ್ಲಿ ತಲೆ ತಗ್ಗಿಸಿ ನಡೆದುಹೋಗುತ್ತಾರೆ ಎಂಬುದೆಲ್ಲ ಶೆಟ್ಟರಿಗೆ ಗೊತ್ತಿತ್ತು. ಪೇಟೆ ನಗರವಾದಾಗ, ನಗರ ದೇಶದಷ್ಟು ದೊಡ್ಡದಾದಾಗ, ಬ್ಯಾಂಕಿಗೆ ಅಂಥ ಪರಿಚಯ ಸಾಧ್ಯವಿಲ್ಲವಾಯಿತು. ಆ ಕೊರತೆಯನ್ನು ತುಂಬಲು ಹುಟ್ಟಿದ್ದೇ ಸಾಲದ ಮಾಹಿತಿ ಸಂಸ್ಥೆ. ನಮ್ಮಲ್ಲಿ 2000ದಲ್ಲಿ ಸಿಬಿಲ್ ಎಂಬ ಸಂಸ್ಥೆ ಸ್ಥಾಪಿತವಾಯಿತು. 2005ರಲ್ಲಿ ಇಂಥ ಸಂಸ್ಥೆಗಳಿಗಾಗಿಯೇ ಸಂಸತ್ತು ಒಂದು ಕಾಯಿದೆ ಮಾಡಿತು. ಈಗ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ದೇಶದ ಉದ್ರಿಯ ಪುಸ್ತಕವನ್ನು ಇಟ್ಟುಕೊಂಡಿವೆ. ನೀವು ಯಾವ ಸಾಲ ತಂದಿರಿ, ಯಾವ ತಿಂಗಳ ಕಂತು ತಡವಾಯಿತು ಎಂಬುದನ್ನೆಲ್ಲ ಬ್ಯಾಂಕುಗಳು ಅವಕ್ಕೆ ವರದಿ ಮಾಡುತ್ತವೆ. ಆ ವರದಿಯಿಂದ 300ರಿಂದ 900ರವರೆಗಿನ ಒಂದು ಅಂಕ ಹುಟ್ಟುತ್ತದೆ. ಅಂಕ ಮೇಲಿದ್ದಷ್ಟೂ ಬ್ಯಾಂಕಿನ ಬಾಗಿಲು ಸಲೀಸಾಗಿ ತೆರೆಯುತ್ತದೆ.

ಇಲ್ಲೊಂದು ವಿಚಿತ್ರವಿದೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಿ, ಜೀವನದಲ್ಲಿ ಒಂದು ರೂಪಾಯಿ ಸಾಲವನ್ನೂ ಮಾಡದೆ ಬಾಳಿದ ಸಜ್ಜನನಿಗೆ ಈ ಪುಸ್ತಕದಲ್ಲಿ ಒಳ್ಳೆಯ ಅಂಕ ಇರಬೇಕೆಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಅವನಿಗೆ ಅಂಕವೇ ಇಲ್ಲ. ಸಿಬಿಲ್ಲಿನ ವರದಿಯಲ್ಲಿ ಅಂಥವರ ಹೆಸರಿನ ಎದುರು 'ಎನ್.ಎಚ್.' ಎಂಬ ಎರಡು ಅಕ್ಷರಗಳು ಕಾಣಬಹುದು. ಅದರ ಅರ್ಥ, ಚರಿತ್ರೆಯಿಲ್ಲ. ಚರಿತ್ರೆಯಿಲ್ಲ ಎಂದರೆ ಚಾರಿತ್ರ್ಯವಿಲ್ಲ ಎಂದಲ್ಲ. ಆದರೆ ಕಾಗದವನ್ನಷ್ಟೇ ನೋಡುವ ಕಣ್ಣಿಗೆ ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ಸುಲಭವಾಗಿ ಕಾಣುವುದಿಲ್ಲ. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆಯಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯ ತನ್ನ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ತಿಳಿಸಿತು. ಹಾಗೆಂದು ಕೊಡಲೇಬೇಕೆಂಬ ಕಟ್ಟಳೆಯೇನೂ ಇಲ್ಲ; ಕೊಡುವುದೂ ಬಿಡುವುದೂ ಬ್ಯಾಂಕಿನ ವಿವೇಚನೆಗೆ ಸೇರಿದ್ದು.

ಇದರಿಂದ ಏನು ತೊಂದರೆಯಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಸರ್ಕಾರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಗೌರವಧನವೇ ಆದಾಯ; ರಜೆಯ ತಿಂಗಳುಗಳಲ್ಲಿ ಅದೂ ಇಲ್ಲ. ಮಳೆಗಾಲಕ್ಕೆ ಮುಂಚೆ ತಾಯಿಯ ಮನೆಯ ಮಾಡು ರಿಪೇರಿಯಾಗಬೇಕಾಗಿತ್ತು. ಒಂದು ಬ್ಯಾಂಕಿನವರು ಚರಿತ್ರೆಯಿಲ್ಲವೆಂದು ಸಾಲ ಕೊಡಲಿಲ್ಲ. ಕೊನೆಗೆ ಊರಿನ ಬಡ್ಡಿ ವ್ಯಾಪಾರಿಯಿಂದ ನೂರಕ್ಕೆ ತಿಂಗಳಿಗೆ ಐದು ರೂಪಾಯಿಯಂತೆ ಕೈಸಾಲ ತಂದಳು. ಅದನ್ನು ತೀರಿಸಿದ ಮೇಲೆ ನನ್ನ ಬಳಿಗೆ ಬಂದು, "ಸರ್, ಅವನಿಗೆ ಒಂದು ತಿಂಗಳೂ ತಪ್ಪಿಸದೆ ಕೊಟ್ಟೆ. ಆದರೆ ಅದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲವಲ್ಲ" ಎಂದಳು. ನನಗೆ ಆ ಮಾತು ನಾಟಿತು. ಅವಳು ಪತ್ತುಳ್ಳವಳೇ ಆಗಿದ್ದಳು. ಸಾಕ್ಷಿ ಮಾತ್ರ ಇರಲಿಲ್ಲ. ಮೊದಲ ಕ್ರೆಡಿಟ್ ಕಾರ್ಡಿನ ನಿಜವಾದ ಪ್ರಯೋಜನ ಇಲ್ಲಿದೆ. ಅದು ಖರ್ಚಿಗೆ ಹಣ ಒದಗಿಸುವ ಚೀಲವಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡೆವು ಎಂಬುದನ್ನು ತಿಂಗಳು ತಿಂಗಳೂ ಬರೆದಿಡುವ ಸಾಕ್ಷಿ. ಆಯ್ಕೆಯ ವಿಷಯದಲ್ಲಿ ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದ ಹೊರಡುತ್ತದೆ.

ಹಾಗಾದರೆ ಚರಿತ್ರೆಯಿಲ್ಲದವರಿಗೆ ಕಾರ್ಡು ದೊರೆಯುವುದು ಹೇಗೆ? ಮೊದಲನೆಯ ದಾರಿ, ನಿಮ್ಮ ಉಳಿತಾಯ ಖಾತೆ ಅಥವಾ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿಯೇ ಕೇಳುವುದು. ಸಿಬಿಲ್ಲಿನ ಪುಸ್ತಕದಲ್ಲಿ ನಿಮ್ಮ ಪುಟ ಖಾಲಿಯಾಗಿದ್ದರೂ ಆ ಬ್ಯಾಂಕಿನ ಪುಸ್ತಕದಲ್ಲಿ ಖಾಲಿಯಿಲ್ಲ. ಪ್ರತಿ ತಿಂಗಳು ಎಷ್ಟು ಹಣ ಬರುತ್ತದೆ, ಎಷ್ಟು ಉಳಿಯುತ್ತದೆ ಎಂಬುದನ್ನು ಅದು ವರ್ಷಗಳಿಂದ ಬಲ್ಲದು. ನಮ್ಮ ಕಾಲದ ಶೆಟ್ಟರಿಗೆ ಅತ್ಯಂತ ಸಮೀಪವಾದದ್ದು ಇದೇ. ಖಾಯಂ ನೌಕರಿ ಇರುವವರಿಗೆ ಈ ದಾರಿ ಸಾಕು.

ಎರಡನೆಯ ದಾರಿ, ಠೇವಣಿಯ ಆಧಾರದ ಕಾರ್ಡು. ಬ್ಯಾಂಕಿನಲ್ಲಿ ಒಂದು ನಿಶ್ಚಿತ ಠೇವಣಿ ಇಡುತ್ತೀರಿ. ಅದರ ಮೇಲೆ ಬ್ಯಾಂಕು ಕಾರ್ಡು ಕೊಡುತ್ತದೆ. ಕಾರ್ಡಿನ ಮಿತಿ ಸಾಮಾನ್ಯವಾಗಿ ಠೇವಣಿಯ ಮುಕ್ಕಾಲು ಪಾಲಿನಿಂದ ಪೂರ್ಣ ಮೊತ್ತದವರೆಗೆ ಇರುತ್ತದೆ. 20,000 ರೂಪಾಯಿ ಠೇವಣಿಗೆ ಸುಮಾರು 15,000ದಿಂದ 20,000 ರೂಪಾಯಿಯ ಮಿತಿ ಎನ್ನಿ. ಠೇವಣಿಗೆ ಬರಬೇಕಾದ ಬಡ್ಡಿ ಬರುತ್ತಲೇ ಇರುತ್ತದೆ. ನೀವು ಹಣ ಕಟ್ಟದೆ ಹೋದರೆ ಬ್ಯಾಂಕು ಠೇವಣಿಯನ್ನು ಮುರಿದು ತನ್ನ ಬಾಕಿಯನ್ನು ವಸೂಲು ಮಾಡಿಕೊಳ್ಳುತ್ತದೆ. ಹೀಗಾಗಿ ಚರಿತ್ರೆ ಇಲ್ಲದವರಿಗೂ ಸಂಬಳದ ಚೀಟಿ ತೋರಿಸಲಾಗದವರಿಗೂ, ಗೃಹಿಣಿಯರಿಗೂ ನಿವೃತ್ತರಿಗೂ ಈ ಬಾಗಿಲು ತೆರೆದಿರುತ್ತದೆ. ನಮ್ಮ ಹಣವನ್ನೇ ಒತ್ತೆಯಿಟ್ಟು ನಾವೇ ಸಾಲ ಪಡೆಯುವುದು ಹಾಸ್ಯಾಸ್ಪದವಲ್ಲವೇ ಎಂದು ಕೆಲವರು ನಗುತ್ತಾರೆ. ಹಣ ಬೇಕೆಂದು ಇದನ್ನು ಪಡೆದರೆ ಹಾಸ್ಯಾಸ್ಪದವೇ ಸರಿ. ಸಾಕ್ಷಿ ಬೇಕೆಂದು ಪಡೆದರೆ ಹಾಗಲ್ಲ. ಮಾಹಿತಿ ಸಂಸ್ಥೆಯ ಪುಸ್ತಕದಲ್ಲಿ ಈ ಕಾರ್ಡಿನ ಪಾವತಿಯೂ ಇತರ ಕಾರ್ಡುಗಳ ಪಾವತಿಯಂತೆಯೇ ದಾಖಲಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳ ದಾಖಲೆಯಾದರೆ ಅಂಕ ಮೂಡಲು ತೊಡಗುತ್ತದೆ. ನನ್ನ ವಿದ್ಯಾರ್ಥಿನಿಗೆ ನಾನು ಹೇಳಿದ್ದೂ ಇದೇ ದಾರಿಯನ್ನು.

ಮೂರನೆಯದಾಗಿ, ತಂದೆಯ ಅಥವಾ ಗಂಡನ ಕಾರ್ಡಿಗೆ ಸೇರಿದ ಉಪಕಾರ್ಡನ್ನು ತೆಗೆದುಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಖರ್ಚಿಗೆ ಸಾಕು, ಚರಿತ್ರೆಗೆ ಸಾಲದು. ಉಪಕಾರ್ಡಿನ ಬಾಕಿಗೆ ಮೂಲ ಕಾರ್ಡುದಾರನೇ ಹೊಣೆ. ಹೊಣೆ ಯಾರದೋ ಹೆಸರೂ ಅವರದೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಂದು ಬ್ಯಾಂಕು ಇಲ್ಲವೆಂದಿತೆಂದು ಅದೇ ವಾರ ಇನ್ನೂ ನಾಲ್ಕು ಬ್ಯಾಂಕುಗಳಿಗೆ ಅರ್ಜಿ ಹಾಕಬಾರದು. ಪ್ರತಿ ಅರ್ಜಿಗೂ ಆ ಬ್ಯಾಂಕು ಮಾಹಿತಿ ಸಂಸ್ಥೆಯಲ್ಲಿ ನಿಮ್ಮ ಪುಟವನ್ನು ವಿಚಾರಿಸುತ್ತದೆ. ಆ ವಿಚಾರಣೆಯೂ ಪುಟದಲ್ಲಿ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಐದು ಮನೆಯ ಬಾಗಿಲು ತಟ್ಟಿದವನನ್ನು ಆರನೆಯ ಮನೆಯವರು ಅನುಮಾನದಿಂದ ನೋಡುವುದು ಸಹಜ. ನಿಮ್ಮ ಪುಟವನ್ನು ನೀವೇ ತೆಗೆದು ನೋಡಿಕೊಂಡರೆ ಮಾತ್ರ ಅದರಿಂದ ಅಂಕಕ್ಕೆ ಕುಂದಿಲ್ಲ.

ಇನ್ನು ಆಯ್ಕೆ. ಕಾರ್ಡುಗಳ ಜಾಹೀರಾತುಗಳನ್ನು ನೋಡಿದರೆ ನಮ್ಮ ಹಳೆಯ ಕಾವ್ಯಗಳ ಅಷ್ಟಾದಶ ವರ್ಣನೆಗಳು ನೆನಪಾಗುತ್ತವೆ. ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿ, ಚಿತ್ರಮಂದಿರದ ಟಿಕೆಟು, ಪ್ರತಿ ಖರೀದಿಗೂ ಬಹುಮಾನದ ಅಂಕಗಳು: ವರ್ಣನೆಗೆ ಕೊನೆಯಿಲ್ಲ. ಮೊದಲ ಕಾರ್ಡನ್ನು ಪಡೆಯುವವನು ಇವನ್ನೆಲ್ಲ ಬದಿಗಿಟ್ಟು ಕಥಾವಸ್ತುವನ್ನು ಹುಡುಕಬೇಕು. ಅದು 'ಅತಿಮುಖ್ಯ ಷರತ್ತುಗಳು' ಎಂಬ ಪತ್ರದಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಅದರಲ್ಲಿ ನಾಲ್ಕು ಸಂಗತಿಗಳನ್ನು ಬೆರಳಿಟ್ಟು ನೋಡಿರಿ. ವಾರ್ಷಿಕ ಶುಲ್ಕವೆಷ್ಟು, ಮೊದಲ ವರ್ಷಕ್ಕೆ ಮಾತ್ರ ಮಾಫಿಯೋ ಅಥವಾ ಎಂದೆಂದಿಗೂ ಇಲ್ಲವೋ, ತಿಂಗಳ ಬಡ್ಡಿಯ ದರವೆಷ್ಟು, ತಡವಾದರೆ ದಂಡವೆಷ್ಟು, ಠೇವಣಿಯ ಕಾರ್ಡಾದರೆ, ಠೇವಣಿಯನ್ನು ಬಿಡಿಸಿಕೊಳ್ಳುವ ಕ್ರಮವೇನು. ಚರಿತ್ರೆಯನ್ನು ಕಟ್ಟುವವನಿಗೆ ಶುಲ್ಕವಿಲ್ಲದ ಸಾಧಾರಣ ಕಾರ್ಡೇ ಉತ್ತಮ. ಏಕೆಂದರೆ ಹಳೆಯ ಲೆಕ್ಕಕ್ಕೆ ಬೆಲೆ ಹೆಚ್ಚು. ಶುಲ್ಕದ ಹೊರೆಯಿಲ್ಲದ ಕಾರ್ಡನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಅಂಗಡಿಗಳಲ್ಲಿ ಯು.ಪಿ.ಐ. ಮೂಲಕ ಹಣ ಕೊಡುವುದು ರೂಢಿಯಾಗಿರುವವರು ರುಪೇ ಜಾತಿಯ ಕಾರ್ಡನ್ನು ಕೇಳಬಹುದು. 2022ರಿಂದ ಅಂಥ ಕ್ರೆಡಿಟ್ ಕಾರ್ಡನ್ನು ಯು.ಪಿ.ಐ.ಗೆ ಜೋಡಿಸಲು ಅವಕಾಶವಾಗಿದೆ. ಆದರೆ ಕೈಯಲ್ಲಿರುವ ಫೋನಿನಿಂದಲೇ ಸಾಲ ಹೊರಡುವಾಗ ಅದು ಸಾಲವೆಂಬ ಅರಿವು ಬೇಗ ಮಾಸುತ್ತದೆ ಎಂಬುದೂ ನೆನಪಿರಲಿ.

ಬಡ್ಡಿಯ ದರವನ್ನು ಕುರಿತು ಎರಡು ಮಾತು ಹೆಚ್ಚಾಗಿ ಹೇಳಬೇಕು. ಅನೇಕ ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇಕಡ 3.5ರ ಆಸುಪಾಸಿನಲ್ಲಿರುತ್ತದೆ. ಕೇಳಲು ಸಣ್ಣದು, ವರ್ಷಕ್ಕೆ ಗುಣಿಸಿದರೆ ಶೇಕಡ 42. ಶೇಕಡ 30ಕ್ಕೆ ಮೀರಿದ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಆದ್ದರಿಂದ ಆ ಮಿತಿಯ ಆಸರೆ ಈಗ ನಮಗಿಲ್ಲ. ಬಡ್ಡಿಯಿಂದ ಪಾರಾಗುವ ಉಪಾಯ ನಮ್ಮ ಕೈಯಲ್ಲಿಯೇ ಇದೆ.

ಆ ಉಪಾಯ ತಾರೀಖುಗಳಲ್ಲಿದೆ. ನಿಮ್ಮ ಕಾರ್ಡಿನ ಬಿಲ್ಲು ಪ್ರತಿ ತಿಂಗಳ 5ನೆಯ ತಾರೀಖಿಗೆ ಸಿದ್ಧವಾಗಿ, ಹಣ ಕಟ್ಟಲು 25ರವರೆಗೆ ಅವಕಾಶವಿದೆ ಎಂದಿಟ್ಟುಕೊಳ್ಳೋಣ. ಜೂನ್ 6ರಂದು ಪುಸ್ತಕವೊಂದನ್ನು ಕೊಂಡರೆ ಅದು ಜುಲೈ 5ರ ಬಿಲ್ಲಿಗೆ ಸೇರುತ್ತದೆ. ಜುಲೈ 25ಕ್ಕೆ ಕಟ್ಟಿದರೆ ಸಾಕು. 49 ದಿನ ಬಡ್ಡಿಯಿಲ್ಲದ ಸಾಲ ದೊರೆತಂತಾಯಿತು. ಅದೇ ಪುಸ್ತಕವನ್ನು ಜುಲೈ 4ರಂದು ಕೊಂಡರೆ 21 ದಿನ ಮಾತ್ರ. ಆದರೆ ಈ ಉಪಕಾರ ಬಿಲ್ಲಿನ ಪೂರ್ಣ ಮೊತ್ತವನ್ನು ಕಟ್ಟುವವನಿಗೆ ಮೀಸಲು. ಒಂದಿಷ್ಟನ್ನು ಉಳಿಸಿಕೊಂಡರೆ ಬಡ್ಡಿ ಕೊಂಡ ದಿನದಿಂದಲೇ ಬೀಳುತ್ತದೆ. ಹೊಸ ಖರೀದಿಗಳಿಗೂ ಬಡ್ಡಿಯಿಲ್ಲದ ದಿನಗಳು ಇಲ್ಲವಾಗುತ್ತವೆ. ಕಾರ್ಡಿನಿಂದ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ. ಅದನ್ನು ಮಾಡಲೇಬಾರದು.

ಬಿಲ್ಲಿನಲ್ಲಿ ಪೂರ್ಣ ಮೊತ್ತದ ಪಕ್ಕದಲ್ಲಿ 'ಕನಿಷ್ಠ ಪಾವತಿ' ಎಂಬ ಇನ್ನೊಂದು ಅಂಕಿ ಇರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲಿ ಇದಕ್ಕಿಂತ ಮೋಹಕವಾದ ಮತ್ತು ಅಪಾಯಕರವಾದ ಮಾತು ಬೇರೊಂದಿಲ್ಲ. 20,000 ರೂಪಾಯಿಯ ಬಿಲ್ಲಿಗೆ ಅದು 1,000 ರೂಪಾಯಿ ಇದೆಯೆನ್ನಿ. ಅಷ್ಟನ್ನೇ ಕಟ್ಟಿದಿರಿ. ಉಳಿದ 19,000ದ ಮೇಲೆ ಶೇಕಡ 3.5ರಂತೆ ಒಂದು ತಿಂಗಳ ಬಡ್ಡಿ 665 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡ 18ರ ಜಿ.ಎಸ್.ಟಿ. ಸುಮಾರು 120. ಹೊಸದಾಗಿ ಏನನ್ನೂ ಕೊಳ್ಳದಿದ್ದರೂ ಸ್ಥೂಲವಾಗಿ ಮುಂದಿನ ಬಿಲ್ಲು 19,785. ಬೆವರು ಸುರಿಸಿ ಕಟ್ಟಿದ 1,000 ರೂಪಾಯಿಯಲ್ಲಿ ಸಾಲವನ್ನು ಇಳಿಸಿದ್ದು 215 ಮಾತ್ರ. ಕನಿಷ್ಠವನ್ನು ಕಟ್ಟಿದರೆ ತಡವಾದ ದಂಡ ತಪ್ಪುತ್ತದೆ, ಪುಸ್ತಕದಲ್ಲಿ ಕಟ್ಟಿಲ್ಲವೆಂಬ ಕಪ್ಪುಚುಕ್ಕೆ ಬೀಳುವುದಿಲ್ಲ, ನಿಜ. ಆದರೆ ಸಾಲ ಕರಗುವುದಿಲ್ಲ. ಸಾಲವನ್ನು ಕುರಿತು ಸರ್ವಜ್ಞ ಹೇಳಿದ್ದನ್ನು ನಾನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಅದು ನಿಮ್ಮೆಲ್ಲರ ನಾಲಗೆಯ ಮೇಲಿದೆ.

ಆದ್ದರಿಂದ ಮೊದಲ ವರ್ಷಕ್ಕೆ ಕಾರ್ಡಿನ ಕೆಲಸವನ್ನು ಚಿಕ್ಕದಾಗಿಡಿ. ಹೇಗೂ ಕೊಡಬೇಕಾದ ಒಂದೆರಡು ಖರ್ಚುಗಳನ್ನು, ಕರೆಂಟಿನ ಬಿಲ್ಲನ್ನೋ ತಿಂಗಳ ದಿನಸಿಯನ್ನೋ, ಅದಕ್ಕೆ ಒಪ್ಪಿಸಿರಿ. ಮಿತಿಯ ಮೂರನೆಯ ಒಂದು ಪಾಲಿಗಿಂತ ಕಡಿಮೆ ಬಳಸುವುದು ಲೇಸೆಂಬುದು ಬಲ್ಲವರ ಮಾತು. ಮಿತಿಯ ಅಂಚನ್ನು ಪ್ರತಿ ತಿಂಗಳೂ ಮುಟ್ಟುವವನನ್ನು ಪುಸ್ತಕ ಕಷ್ಟದಲ್ಲಿರುವವನೆಂದು ಓದುತ್ತದೆ. ಪೂರ್ಣ ಮೊತ್ತ ಗಡುವಿಗೆ ಮುಂಚೆ ಖಾತೆಯಿಂದ ತಾನಾಗಿಯೇ ಸಲ್ಲುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟರೆ ಮರೆವಿನ ಭಯವಿಲ್ಲ. ಸೂಚನೆಯನ್ನು ಬರೆದುಕೊಡುವಾಗ 'ಪೂರ್ಣ' ಎಂಬ ಮಾತು ಇದೆಯೇ, 'ಕನಿಷ್ಠ' ಎಂದಿದೆಯೇ ಎಂಬುದನ್ನು ಎರಡು ಬಾರಿ ನೋಡಿರಿ.

ಕಾರ್ಡುದಾರನಿಗೆ ಹಕ್ಕುಗಳೂ ಇವೆ. ಕೇಳದವರಿಗೆ ಕಾರ್ಡನ್ನು ಕಳಿಸಬಾರದು, ಒಪ್ಪಿಗೆಯಿಲ್ಲದೆ ಮಿತಿಯನ್ನು ಏರಿಸಬಾರದು, ಬಾಕಿಯಿಲ್ಲದ ಕಾರ್ಡನ್ನು ಮುಚ್ಚಬೇಕೆಂದು ಕೇಳಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ತೆರಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. 2017ರಿಂದ ಪ್ರತಿ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ನಿಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕಾಗಿದೆ. ಅದನ್ನು ತರಿಸಿ ಓದಿರಿ. ತೀರಿದ ಬಾಕಿ ತೀರಿಲ್ಲವೆಂದೋ ಇನ್ನೊಬ್ಬರ ಸಾಲ ನಿಮ್ಮದೆಂದೋ ಬರೆದಿರಬಹುದು. ದೂರು ಕೊಟ್ಟ 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂತು. ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ತಪ್ಪನ್ನು ತಿದ್ದದೆ ಬಿಟ್ಟರೆ ಅದೇ ಪಾಠವಾಗಿ ನಿಲ್ಲುತ್ತದೆ, ಇಲ್ಲಿಯೂ ಹಾಗೆಯೇ.

ಎಲ್ಲರೂ ಕಾರ್ಡನ್ನು ಪಡೆಯಲೇಬೇಕೆಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಹಣವಿಲ್ಲದಿದ್ದರೂ ಕೊಳ್ಳಬೇಕೆಂಬ ಆಸೆ ತನ್ನಲ್ಲಿ ಪ್ರಬಲವಾಗಿದೆಯೆಂದು ಬಲ್ಲವನು ಇದರಿಂದ ದೂರವಿರುವುದೇ ಕ್ಷೇಮ. ಮುಂದೆ ಮನೆಗೋ ಮಗಳ ಓದಿಗೋ ಬ್ಯಾಂಕಿನ ಸಾಲವನ್ನು ಕೇಳಬೇಕಾಗಿ ಬರಬಹುದಾದವರು ಮಾತ್ರ ಆ ದಿನಕ್ಕಾಗಿ ಕಾಯದೆ, ಅವಸರವಿಲ್ಲದ ಇಂದೇ ಒಂದು ಚಿಕ್ಕ ಲೆಕ್ಕವನ್ನು ತೆರೆಯುವುದು ಒಳ್ಳೆಯದು. ಠೇವಣಿಯ ಮೇಲಿನ ಕಾರ್ಡಾದರೂ ಆಗಲಿ, ಸಾವಿರ ರೂಪಾಯಿಯ ಬಿಲ್ಲಾದರೂ ಆಗಲಿ, ಹನ್ನೆರಡು ತಿಂಗಳು ಗಡುವು ಮೀರದಂತೆ ಪೂರ್ತಿ ಸಲ್ಲಿಸಿದರೆ, ಚರಿತ್ರೆಯಿಲ್ಲವೆಂದು ಬರೆದಿದ್ದ ಕಡೆ ಹನ್ನೆರಡು ಸಾಲುಗಳು ಇರುತ್ತವೆ. ಮುಂದೊಂದು ದಿನ ಮೇಜಿನ ಆಚೆ ಕುಳಿತ ಅಪರಿಚಿತ ಅಧಿಕಾರಿ ಅವನ್ನು ಓದುತ್ತಾನೆ. ಅಷ್ಟರಮಟ್ಟಿಗೆ ನಾವು ಅವನಿಗೆ ಪರಿಚಿತರಾಗುತ್ತೇವೆ.

(ಬಾನುಲಿ ಭಾಷಣ)